ಕಂಪ್ಯೂಟರ್ ಕೊಂಡರೆ ಸಾಲದು, ಲೈಸೆನ್ಸ್ ಲೆಕ್ಕವೂ ಇರಲಿ

ಹೈದರಾಬಾದ್: ಸಿಕಂದರಾಬಾದಿನ ಪಾರ್ಕ್‌ಲೇನ್‌ಗೆ ಹೋಗಿ ಬಿಡಿಭಾಗಗಳನ್ನು ಆರಿಸಿ, ದರ ಚೌಕಾಸಿ ಮಾಡಿ, ಆಟೋದಲ್ಲಿ ಹೇರಿಕೊಂಡು ಬಂದು ಅಂಗಡಿಯಲ್ಲಿ ಕಂಪ್ಯೂಟರ್ ಹೂಡಿದ ನೆನಪು ಈ ನಗರದ ಹಲವು ಕನ್ನಡಿಗ ವ್ಯಾಪಾರಿಗಳಿಗಿದೆ. ಎಲ್ಲ ಜೋಡಣೆ ಮುಗಿದ ಮೇಲೆ ಅಸೆಂಬಲ್ ಮಾಡುವ ಹುಡುಗ ಕೇಳುವ ಕೊನೆಯ ಪ್ರಶ್ನೆಯೂ ನೆನಪಿರಬೇಕು: 'ಸಾರ್, ಒರಿಜಿನಲ್ ಹಾಕಲಾ, ಮಾಮೂಲಿ ಹಾಕಲಾ?' ಒರಿಜಿನಲ್ ಎಂದರೆ ಸಾವಿರಾರು ರೂಪಾಯಿ. ಮಾಮೂಲಿ ಎಂದರೆ ಹುಡುಗನ ಕೈಗೆ ನೂರೋ ಇನ್ನೂರೋ. 'ಮಾಮೂಲಿನೇ ಹಾಕಪ್ಪ' ಎಂದವರೇ ಹೆಚ್ಚು.

ಆ ಒಂದು ಮಾತಿನ ಬೆಲೆ ಎಷ್ಟು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಕಾನೂನಿನ ಪ್ರಕಾರ ಅದರ ಬೆಲೆ ಕಡಿಮೆಯೆಂದರೆ 7 ದಿನ ಸೆರೆವಾಸ ಮತ್ತು 50 ಸಾವಿರ ರೂಪಾಯಿ ದಂಡ. ಹೆಚ್ಚೆಂದರೆ 3 ವರ್ಷ ಮತ್ತು 2 ಲಕ್ಷ ರೂಪಾಯಿ. ಹೋಟೆಲು, ಬೇಕರಿ, ಪ್ರಿಂಟಿಂಗ್ ಪ್ರೆಸ್, ಶಾಲೆ, ಲೆಕ್ಕಪತ್ರದ ಕಚೇರಿ, ಸಣ್ಣ ಸಾಫ್ಟ್‌ವೇರ್ ಕಂಪನಿ ಹೀಗೆ ನಾನಾ ಉದ್ಯೋಗಗಳಲ್ಲಿ ನೆಲೆ ಕಂಡಿರುವ ಭಾಗ್ಯನಗರದ ಕನ್ನಡಿಗರು ಈ ವಿಷಯದ ಕಡೆ ಒಮ್ಮೆ ಗಮನ ಹರಿಸುವುದು ಒಳ್ಳೆಯದು.

ಸಾಫ್ಟ್‌ವೇರ್ ಕೂಡ ಸಾಹಿತ್ಯವೇ

ಸಾಹಿತ್ಯಾಭಿಮಾನಿಗಳಿಗೆ ಆಶ್ಚರ್ಯವಾಗಬಹುದು. 1957ರ ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ 'ಸಾಹಿತ್ಯ ಕೃತಿ' ಎಂಬ ಮಾತಿನ ಅರ್ಥದೊಳಗೆ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸೇರಿದೆ. ಕಾದಂಬರಿಗೆ, ಕವನ ಸಂಕಲನಕ್ಕೆ ಯಾವ ರಕ್ಷಣೆ ಇದೆಯೋ ಅಂಗಡಿಯ ಲೆಕ್ಕ ಬರೆಯುವ ಟ್ಯಾಲಿಗೂ ಅದೇ ರಕ್ಷಣೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕಳ್ಳ ಮುದ್ರಣದ ಕಾದಂಬರಿಯನ್ನು ಓದಿದವನಿಗೆ ಶಿಕ್ಷೆಯಿಲ್ಲ, ಅಚ್ಚು ಹಾಕಿದವನಿಗೆ ಮತ್ತು ಮಾರಿದವನಿಗೆ ಮಾತ್ರ. ಸಾಫ್ಟ್‌ವೇರ್ ವಿಷಯದಲ್ಲಿ ಹಾಗಲ್ಲ. 1994ರ ತಿದ್ದುಪಡಿಯಲ್ಲಿ ಸೇರಿಸಿದ 63-ಬಿ ಕಲಮಿನ ಪ್ರಕಾರ, ನಕಲಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದವನೂ ಅಪರಾಧಿಯೇ. ಮೇಲೆ ಹೇಳಿದ ಶಿಕ್ಷೆ ಈ ಕಲಮಿನದೇ. ವ್ಯಾಪಾರಕ್ಕಾಗಲೀ ಲಾಭಕ್ಕಾಗಲೀ ಬಳಸದಿದ್ದವರಿಗೆ ಮಾತ್ರ ನ್ಯಾಯಾಲಯ ಸೂಕ್ತ ಕಾರಣ ಬರೆದು ಸೆರೆವಾಸ ಬಿಟ್ಟು ದಂಡ ಮಾತ್ರ ಹಾಕಬಹುದು. ಅಂಗಡಿ ಮುಂಗಟ್ಟು ನಡೆಸುವವರಿಗೆ ಆ ರಿಯಾಯಿತಿ ಇಲ್ಲ.

'ನನಗೇನು ಗೊತ್ತು, ಎಲ್ಲ ಹುಡುಗರು ಹಾಕಿಕೊಂಡಿದ್ದು' ಎಂದು ಮಾಲೀಕರು ಕೈ ತೊಳೆದುಕೊಳ್ಳುವುದೂ ಸುಲಭವಲ್ಲ. ಅದೇ ಕಾಯ್ದೆಯ 69ನೇ ಕಲಮು, ಕಂಪನಿಯಲ್ಲಿ ಅಪರಾಧ ನಡೆದರೆ ಆಗ ವ್ಯವಹಾರದ ಹೊಣೆ ಹೊತ್ತಿದ್ದವರೂ ಹೊಣೆಗಾರರು ಎನ್ನುತ್ತದೆ. ತಮಗೆ ತಿಳಿಯದೆ ನಡೆಯಿತು ಅಥವಾ ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆವು ಎಂದು ಸಾಬೀತು ಮಾಡಿದರೆ ಮಾತ್ರ ಬಿಡುಗಡೆ. ಇಲ್ಲಿ 'ಕಂಪನಿ' ಎಂದರೆ ಪಾಲುದಾರಿಕೆ ಸಂಸ್ಥೆಯೂ ಸೇರುತ್ತದೆ, ಜನರ ಕೂಟವೂ ಸೇರುತ್ತದೆ. ಅಂದರೆ ಸಂಘ ಸಂಸ್ಥೆಗಳ ಕಚೇರಿಯಲ್ಲಿರುವ ಕಂಪ್ಯೂಟರಿಗೂ ಇದು ಅನ್ವಯ.

ಕೃತಿಸ್ವಾಮ್ಯ ಉಲ್ಲಂಘನೆಯ 63ನೇ ಕಲಮಿನ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಿನಿಂದ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ.

ಹೈದರಾಬಾದಿನಿಂದ ಹೊರಟ ಎರಡು ಮೊಕದ್ದಮೆಗಳು

ಸಾಫ್ಟ್‌ವೇರ್ ಎಂದರೆ ಏನು, ಅದನ್ನು ಕೊಂಡವನಿಗೆ ಸಿಗುವುದೇನು ಎಂಬ ಪ್ರಶ್ನೆಯನ್ನು ದೇಶಕ್ಕೆ ಬಿಡಿಸಿ ಹೇಳಿದ ಎರಡು ಮುಖ್ಯ ಮೊಕದ್ದಮೆಗಳು ಈ ನಗರದಿಂದಲೇ ಹೊರಟವು ಎಂಬುದು ಇಲ್ಲಿನವರಿಗೆ ತಿಳಿದಿರಬೇಕಾದ ಸಂಗತಿ.

ಮೊದಲನೆಯದು ತೆರಿಗೆಯದು. ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಕಂಪನಿ ಒರಾಕಲ್, ಲೋಟಸ್‌ನಂಥ ಸಿದ್ಧ ಸಾಫ್ಟ್‌ವೇರ್‌ಗಳನ್ನೂ ಮಾರುತ್ತಿತ್ತು. ಅದಕ್ಕೆ ಮಾರಾಟ ತೆರಿಗೆ ಕಟ್ಟಬೇಕೆಂದು ಆಂಧ್ರಪ್ರದೇಶದ ತೆರಿಗೆ ಇಲಾಖೆ ಹೇಳಿತು. ಸಾಫ್ಟ್‌ವೇರ್ ಕೈಗೆ ಸಿಗುವ ವಸ್ತುವಲ್ಲ, ಬುದ್ಧಿಯ ಆಸ್ತಿ, ಆದ್ದರಿಂದ ಸರಕಿನ ತೆರಿಗೆ ಸಲ್ಲದು ಎಂಬುದು ಕಂಪನಿಯ ವಾದ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2004ರ ನವೆಂಬರ್ 5ರಂದು ಇಲಾಖೆಯ ಪರವಾಗಿ ತೀರ್ಪಿತ್ತಿತು. ಸಿ.ಡಿ.ಯಲ್ಲೋ ಫ್ಲಾಪಿಯಲ್ಲೋ ಇಳಿಸಿ ಮಾರಿದ ಸಿದ್ಧ ಸಾಫ್ಟ್‌ವೇರ್ ಸರಕೇ ಎಂದಿತು. ಅಂದಮೇಲೆ ಸರಕಿಗೆ ಬಿಲ್ ಇರಬೇಕು, ಬಿಲ್ ಇಲ್ಲದ ಸರಕನ್ನು ಲೆಕ್ಕಪತ್ರದಲ್ಲಿ ತೋರಿಸುವಂತಿಲ್ಲ.

ಎರಡನೆಯದು ಮೊಬೈಲ್ ಫೋನಿನದು. ರಿಲಯನ್ಸ್ ಇನ್ಫೋಕಾಂ ಕಂಪನಿ 10,500 ರೂಪಾಯಿ ಬೆಲೆಯ ಹ್ಯಾಂಡ್‌ಸೆಟ್ಟನ್ನು ಆರಂಭದಲ್ಲಿ 3,350 ರೂಪಾಯಿ ಕಟ್ಟಿಸಿಕೊಂಡು ಕೊಡುತ್ತಿದ್ದ ಕಾಲವದು. ಮೂರು ವರ್ಷದ ಆ ಯೋಜನೆಯ ಷರತ್ತು, ಫೋನನ್ನು ತನ್ನ ಸೇವೆಗೆ ಮಾತ್ರ ಬಳಸಬೇಕು ಎಂಬುದು. ಫೋನಿನೊಳಗಿನ ಪ್ರೋಗ್ರಾಮನ್ನು ಬದಲಿಸಿ ಗ್ರಾಹಕರನ್ನು ಟಾಟಾ ಇಂಡಿಕಾಂ ಸೇವೆಗೆ ಸೆಳೆಯಲಾಗುತ್ತಿದೆ ಎಂಬ ದೂರಿನ ಮೇಲೆ 2003ರಲ್ಲಿ ಆಂಧ್ರಪ್ರದೇಶ ಸಿಐಡಿ ಮೊಕದ್ದಮೆ ಹೂಡಿತು. ಆರೋಪಕ್ಕೆ ಒಳಗಾದ ನೌಕರರು ಅದನ್ನು ರದ್ದುಪಡಿಸಬೇಕೆಂದು ಹೈಕೋರ್ಟಿಗೆ ಹೋದರು. 2005ರ ಜುಲೈ 29ರ ತೀರ್ಪಿನಲ್ಲಿ ಹೈಕೋರ್ಟ್, ವಂಚನೆ ಮತ್ತು ನಂಬಿಕೆದ್ರೋಹದ ಆರೋಪಗಳನ್ನು ತೆಗೆದುಹಾಕಿತು. ಆದರೆ ಕೃತಿಸ್ವಾಮ್ಯ ಕಾಯ್ದೆ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೆಳಗಿನ ತನಿಖೆ ನಡೆಯಲಿ ಎಂದಿತು. ಆರೋಪ ನಿಜವೇ ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗಬೇಕಾದ ಮಾತು. ಹೈಕೋರ್ಟ್ ಹೇಳಿದ್ದು ತತ್ವವನ್ನು: ಮೊಬೈಲ್ ಫೋನ್ ಕೂಡ ಕಾನೂನಿನ ದೃಷ್ಟಿಯಲ್ಲಿ ಕಂಪ್ಯೂಟರ್, ಅದರೊಳಗಿನ ಪ್ರೋಗ್ರಾಮಿಗೂ ಒಡೆಯನಿದ್ದಾನೆ.

ಇವೆರಡರ ಜೊತೆಗೆ ಬೆಂಗಳೂರಿನ ಒಂದು ಪ್ರಕರಣವನ್ನೂ ಸೇರಿಸಿಕೊಳ್ಳಬೇಕು. ವಿದೇಶಿ ಸಾಫ್ಟ್‌ವೇರ್ ಕೊಂಡಾಗ ಕೊಡುವ ಹಣ ರಾಯಲ್ಟಿಯೇ, ಅದರ ಮೇಲೆ ಆದಾಯ ತೆರಿಗೆ ಮುರಿಯಬೇಕೇ ಎಂಬ ವ್ಯಾಜ್ಯ ಬೆಂಗಳೂರಿನ ಇಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿಯ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2021ರ ಮಾರ್ಚ್ 2ರಂದು ನ್ಯಾಯಾಲಯ ಅದು ರಾಯಲ್ಟಿಯಲ್ಲ ಎಂದು ಹೇಳಿತು. ಕೊಂಡವನಿಗೆ ಸಿಗುವುದು ಬಳಸುವ ಸೀಮಿತ ಹಕ್ಕು ಮಾತ್ರ, ಕೃತಿಸ್ವಾಮ್ಯವಲ್ಲ ಎಂಬುದು ಕಾರಣ.

ಲಾಡ್ಜ್ ನಡೆಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ರೂಮಿನ ಬಾಡಿಗೆ ಕೊಟ್ಟವನ ಕೈಗೆ ಬೀಗದ ಕೈ ಬರುತ್ತದೆ, ಕಟ್ಟಡ ಬರುವುದಿಲ್ಲ. ಇಬ್ಬರಿಗೆಂದು ರೂಮು ಹಿಡಿದು ಹತ್ತು ಜನರನ್ನು ಮಲಗಿಸಿದರೆ ಮ್ಯಾನೇಜರ್ ಸುಮ್ಮನಿರುವುದಿಲ್ಲ. ಲೈಸೆನ್ಸ್ ಎಂದರೆ ಆ ಬೀಗದ ಕೈ. ಎಷ್ಟು ಮಂದಿಗೆ, ಎಷ್ಟು ಕಾಲಕ್ಕೆ, ಯಾವ ಕೆಲಸಕ್ಕೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. 'ಐ ಅಗ್ರಿ' ಎಂಬ ಗುಂಡಿ ಒತ್ತುವಾಗ ಯಾರೂ ಅದನ್ನು ಓದುವುದಿಲ್ಲ ಅಷ್ಟೆ.

ಗೊತ್ತಿಲ್ಲದೆ ಆಗುವ ತಪ್ಪುಗಳು

ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ಬಿಎಸ್‌ಎ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 2017ರಲ್ಲಿ ಭಾರತದ ಕಂಪ್ಯೂಟರುಗಳಲ್ಲಿ ಹಾಕಿದ್ದ ಸಾಫ್ಟ್‌ವೇರ್‌ಗಳಲ್ಲಿ ಶೇ. 56 ಲೈಸೆನ್ಸ್ ಇಲ್ಲದವು. ಇಡೀ ಜಗತ್ತಿನ ಸರಾಸರಿ ಶೇ. 37. ಇದರಲ್ಲಿ ಬೇಕೆಂದೇ ಮಾಡಿದ ಕಳ್ಳತನ ಎಷ್ಟೋ ಇರಬಹುದು. ಆದರೆ ಪ್ರಾಮಾಣಿಕರೂ ಜಾರಿ ಬೀಳುವ ಜಾಗಗಳು ಕೆಲವಿವೆ.

ಮಗಳ ಓದಿಗೆಂದು ಕೊಂಡ ಲ್ಯಾಪ್‌ಟಾಪಿನಲ್ಲಿ ಆಫೀಸ್ 'ಹೋಮ್ ಅಂಡ್ ಸ್ಟೂಡೆಂಟ್' ಆವೃತ್ತಿ ಬಂದಿರುತ್ತದೆ. ಓದು ಮುಗಿದ ಮೇಲೆ ಅದೇ ಲ್ಯಾಪ್‌ಟಾಪ್ ಅಂಗಡಿಗೆ ಬರುತ್ತದೆ. ಸಾಫ್ಟ್‌ವೇರ್ ಅಸಲಿಯೇ, ಬಿಲ್ ಕೂಡ ಇದೆ, ಆದರೆ ವ್ಯಾಪಾರಕ್ಕೆ ಅದನ್ನು ಬಳಸುವಂತಿಲ್ಲ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಿಗುವ ಆಟೋಕ್ಯಾಡ್ ಕೂಡ ಹಾಗೆಯೇ. ಹಿಂದಿನ ಆವೃತ್ತಿಗಳಲ್ಲಿ ಅದರಲ್ಲಿ ಬರೆದ ನಕ್ಷೆಯ ಅಂಚಿನಲ್ಲಿ ವಿದ್ಯಾರ್ಥಿ ಆವೃತ್ತಿ ಎಂಬ ಮುದ್ರೆ ತಾನಾಗಿ ಅಚ್ಚಾಗುತ್ತಿತ್ತು. ಆ ನಕ್ಷೆಯನ್ನು ಗಿರಾಕಿಗೆ ಕೊಟ್ಟರೆ ತನ್ನ ತಪ್ಪಿಗೆ ತಾನೇ ಸಾಕ್ಷಿ ಬರೆದುಕೊಟ್ಟ ಹಾಗೆ.

ಕಂಪ್ಯೂಟರಿನ ಜೊತೆಗೇ ಬರುವ ವಿಂಡೋಸ್ ಸಾಮಾನ್ಯವಾಗಿ ಆ ಯಂತ್ರಕ್ಕೇ ಕಟ್ಟಿಹಾಕಿದ್ದು. ಹಳೆಯ ಯಂತ್ರ ಗುಜರಿಗೆ ಹೋದರೆ ಅದೂ ಹೋಯಿತು, ಹೊಸದಕ್ಕೆ ವರ್ಗಾಯಿಸಲು ಬರುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಐನೂರು ರೂಪಾಯಿಗೆ ಸಿಗುವ 'ಕೀ'ಗಳದು ಇನ್ನೊಂದು ಕಥೆ. ಎಲ್ಲೋ ದೊಡ್ಡ ಸಂಸ್ಥೆಗೆ ಸಗಟಾಗಿ ಕೊಟ್ಟ ಲೈಸೆನ್ಸನ್ನು ಒಡೆದು ಮಾರುವುದೂ ಉಂಟು. ಇಂದು ಆ್ಯಕ್ಟಿವೇಶನ್ ಆಗುತ್ತದೆ, ನಾಳೆ ರದ್ದಾಗುತ್ತದೆ. ಆ್ಯಕ್ಟಿವೇಶನ್ ಆಯಿತು ಎಂದರೆ ಲೈಸೆನ್ಸ್ ಬಂತು ಎಂದು ಅರ್ಥವಲ್ಲ.

'ಉಚಿತ' ಎಂಬ ಮಾತನ್ನೂ ಅಕ್ಷರಶಃ ನಂಬಬಾರದು. ದೂರದಿಂದ ಕಂಪ್ಯೂಟರ್ ನೋಡಿ ರಿಪೇರಿ ಮಾಡುವ ಟೀಮ್‌ವ್ಯೂವರ್ ಮನೆಯ ಬಳಕೆಗೆ ಉಚಿತ, ವ್ಯವಹಾರಕ್ಕಲ್ಲ. ಅಮೀರ್‌ಪೇಟೆಯ ತರಬೇತಿ ಕೇಂದ್ರಗಳಲ್ಲಿ ಸಾವಿರಾರು ಹುಡುಗರು ಕಲಿತ ಜಾವಾ ಕೂಡ ಬದಲಾಗಿದೆ. ಒರಾಕಲ್ ಕಂಪನಿ 2019ರ ಏಪ್ರಿಲ್‌ನಲ್ಲಿ ತನ್ನ ಜಾವಾದ ಷರತ್ತು ಬದಲಿಸಿ ವಾಣಿಜ್ಯ ಬಳಕೆಗೆ ಶುಲ್ಕ ತಂದಿತು. 2023ರ ಜನವರಿಯಲ್ಲಿ ಬಂದ ಹೊಸ ಪದ್ಧತಿಯಲ್ಲಿ ಶುಲ್ಕದ ಲೆಕ್ಕ ಇಡೀ ಸಂಸ್ಥೆಯ ನೌಕರರ ಸಂಖ್ಯೆಯ ಮೇಲೆ. ಡಾಕರ್ ಡೆಸ್ಕ್‌ಟಾಪ್ ಕೂಡ 2021ರಿಂದ ದೊಡ್ಡ ಕಂಪನಿಗಳಿಗೆ ಉಚಿತವಲ್ಲ. ಮಾದಾಪುರ, ಗಚ್ಚಿಬೌಲಿಗಳಲ್ಲಿ ಸಣ್ಣ ಕಂಪನಿ ಕಟ್ಟಿರುವ ಯುವ ಕನ್ನಡಿಗರು ಇದನ್ನು ಮನಸ್ಸಿನಲ್ಲಿಡಬೇಕು.

ಕ್ಯಾಷ್ ತಾಳೆ ಹಾಕುವ ಹಾಗೆ

ಇದಕ್ಕೆ ಪರಿಹಾರ ದೊಡ್ಡ ವಿದ್ಯೆಯೇನಲ್ಲ. ಬ್ಯಾಂಕಿನಲ್ಲಿ ದಿನದ ಕೊನೆಗೆ ಕ್ಯಾಷಿಯರ್ ಮಾಡುವ ಕೆಲಸವೇ. ಪುಸ್ತಕದಲ್ಲಿ ಇರುವುದೆಷ್ಟು, ಪೆಟ್ಟಿಗೆಯಲ್ಲಿ ಇರುವುದೆಷ್ಟು, ಎರಡೂ ತಾಳೆಯಾಗುತ್ತವೆಯೇ? ಅಷ್ಟೇ.

ಒಂದು ಹೋಟೆಲನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೌಂಟರಿನಲ್ಲಿ 2, ಆಫೀಸಿನಲ್ಲಿ 3, ಸ್ಟೋರಿನಲ್ಲಿ 1, ಮಾಲೀಕರ ಲ್ಯಾಪ್‌ಟಾಪ್ 1, ಅವರ ಮಗನದು 1, ಒಟ್ಟು 8 ಕಂಪ್ಯೂಟರು. ಮೊದಲ ದಿನ ಪ್ರತಿ ಯಂತ್ರದ ಮುಂದೆ ಕುಳಿತು ಅದರಲ್ಲಿ ಏನೇನಿದೆ ಎಂದು ಬರೆದುಕೊಳ್ಳಬೇಕು. ವಿಂಡೋಸ್ ಎಂಟರಲ್ಲೂ ಇದೆ. ಆಫೀಸ್ ಆರರಲ್ಲಿದೆ. ಟ್ಯಾಲಿ ಮೂರರಲ್ಲಿದೆ. ಎರಡನೆಯ ದಿನ ಕಪಾಟು ತೆಗೆದು ಬಿಲ್‌ಗಳನ್ನು ಹುಡುಕಬೇಕು. ವಿಂಡೋಸ್‌ಗೆ 5 ಬಿಲ್ ಸಿಕ್ಕವು. ಆಫೀಸ್‌ಗೆ 2. ಟ್ಯಾಲಿ ಒಂದೇ ಕಂಪ್ಯೂಟರಿಗೆ ಸಲ್ಲುವ 'ಸಿಲ್ವರ್' ಲೈಸೆನ್ಸ್ 1. ಮೂರನೆಯ ದಿನ ಕಳೆಯುವ ಲೆಕ್ಕ: ವಿಂಡೋಸ್ 3, ಆಫೀಸ್ 4, ಟ್ಯಾಲಿ 2 ಕೊರತೆ.

ಕೊರತೆ ಕಂಡ ತಕ್ಷಣ ಎಲ್ಲವನ್ನೂ ಕೊಳ್ಳಲು ಓಡಬೇಕಾಗಿಲ್ಲ. ಸ್ಟೋರಿನ ಕಂಪ್ಯೂಟರಿನಲ್ಲಿ ಆಫೀಸ್ ಯಾರಿಗೆ ಬೇಕು? ತೆಗೆದುಹಾಕಬಹುದು. ಪತ್ರ ಬರೆಯಲು, ಪಟ್ಟಿ ಮಾಡಲು ಲಿಬ್ರೆಆಫೀಸ್ ಸಾಕು. ಅದು ವ್ಯವಹಾರಕ್ಕೂ ನಿಜವಾಗಿಯೇ ಉಚಿತ. ಟ್ಯಾಲಿಯಲ್ಲಿ ಮೂವರೂ ಲೆಕ್ಕ ಬರೆಯುವುದಾದರೆ ಒಳಜಾಲದ ಹಲವು ಕಂಪ್ಯೂಟರುಗಳಲ್ಲಿ ನಡೆಯುವ 'ಗೋಲ್ಡ್' ಲೈಸೆನ್ಸ್ ಬೇಕು, ಒಬ್ಬರೇ ಬರೆಯುವುದಾದರೆ ಸಿಲ್ವರ್ ಸಾಕು. ಹೀಗೆ ತೆಗೆಯುವುದನ್ನು ತೆಗೆದು, ಬದಲಿಸುವುದನ್ನು ಬದಲಿಸಿ, ಉಳಿದದ್ದಕ್ಕೆ ಮಾತ್ರ ಹಣ ಕೊಟ್ಟರೆ ಮೊದಲು ಹೆದರಿಸಿದ ಮೊತ್ತ ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ಕೆಲವೊಮ್ಮೆ ಲೆಕ್ಕ ತಿರುಗಾಮುರುಗಾ ಆಗುವುದೂ ಉಂಟು. ಕೆಲಸ ಬಿಟ್ಟು ಹೋದವರ ಹೆಸರಿನಲ್ಲಿ ತಿಂಗಳು ತಿಂಗಳೂ ಚಂದಾ ಕಟ್ಟುತ್ತಿರುವುದು ಆಗ ಬೆಳಕಿಗೆ ಬರುತ್ತದೆ.

ಒಂದು ರಿಜಿಸ್ಟರ್ ಇಡಬೇಕು. ಸಾಫ್ಟ್‌ವೇರ್ ಹೆಸರು, ಆವೃತ್ತಿ, ಬಿಲ್ ನಂಬರು ಮತ್ತು ತಾರೀಕು, ಎಷ್ಟು ಲೈಸೆನ್ಸ್, ಯಾವ ಯಂತ್ರದಲ್ಲಿದೆ, ನವೀಕರಣ ಯಾವಾಗ ಎಂಬ ಆರು ಕಾಲಂ ಸಾಕು. ಬಿಲ್ ಸಂಸ್ಥೆಯ ಹೆಸರಿನಲ್ಲೇ ಇರಬೇಕು, ಮ್ಯಾನೇಜರನ ಸ್ವಂತ ಹೆಸರಿನಲ್ಲಲ್ಲ. ಹೊಸ ಸಾಫ್ಟ್‌ವೇರ್ ಹಾಕುವ ಪಾಸ್‌ವರ್ಡ್ ಒಬ್ಬರ ಬಳಿ ಮಾತ್ರ ಇರಬೇಕು, ಲಾಕರಿನ ಮಾಸ್ಟರ್ ಕೀ ಇದ್ದ ಹಾಗೆ. ಅನುಮತಿಯಿಲ್ಲದೆ ಏನನ್ನೂ ಹಾಕಬಾರದೆಂದು ನೌಕರರಿಗೆ ಬರಹದಲ್ಲಿ ತಿಳಿಸಿ ಸಹಿ ಪಡೆಯಬೇಕು. ಏಪ್ರಿಲ್‌ನಲ್ಲಿ ಸ್ಟಾಕ್ ತೆಗೆಯುವಾಗ ಇದನ್ನೂ ತಾಳೆ ನೋಡಬೇಕು. ಮಾಲೀಕರು ತಕ್ಕ ಎಚ್ಚರಿಕೆ ವಹಿಸಿದ್ದರೇ ಎಂದು ನಾಳೆ ಯಾರಾದರೂ ಕೇಳಿದರೆ ಈ ರಿಜಿಸ್ಟರೇ ಉತ್ತರ.

ಅಸಲಿಗೆ ಕೊಟ್ಟ ಹಣ ಪೂರ್ತಿ ಖರ್ಚು ಎಂದೂ ತಿಳಿಯಬಾರದು. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್‌ಗೆ ಶೇ. 40ರ ಸವಕಳಿ ಇದೆ. ಬಿಲ್ಲಿನಲ್ಲಿ ಕಟ್ಟಿದ ಶೇ. 18 ಜಿಎಸ್‌ಟಿಯನ್ನು, ನಿಯಮಕ್ಕೆ ಒಳಪಟ್ಟಂತೆ, ಹೂಡುವಳಿ ತೆರಿಗೆಯಾಗಿ ಹಿಂದಕ್ಕೆ ಪಡೆಯಬಹುದು. ಹೋಟೆಲಿನವರು ಮಾತ್ರ ತಾವು ಇರುವ ಜಿಎಸ್‌ಟಿ ದರದಲ್ಲಿ ಈ ಸೌಲಭ್ಯ ಉಂಟೇ ಎಂದು ತಮ್ಮ ಆಡಿಟರನ್ನು ಕೇಳಿಕೊಳ್ಳಬೇಕು. ಮಾಮೂಲಿ ಹಾಕಿಸಿಕೊಂಡವರಿಗೆ ಈ ಎರಡೂ ಇಲ್ಲ.

ನೋಟಿಸ್ ಬಂದರೆ

ಸಾಫ್ಟ್‌ವೇರ್ ಕಂಪನಿಯಿಂದಲೋ ಅದರ ವಕೀಲರಿಂದಲೋ ಪತ್ರ ಬಂದಾಗ ಜನ ಎರಡು ತಪ್ಪು ಮಾಡುತ್ತಾರೆ. ಒಂದು, ಪತ್ರವನ್ನು ಡ್ರಾಯರಿಗೆ ಹಾಕಿ ಮರೆಯುವುದು. ಇನ್ನೊಂದು, ಗಾಬರಿಯಿಂದ ರಾತ್ರೋರಾತ್ರಿ ಎಲ್ಲವನ್ನೂ ಅಳಿಸಿಹಾಕುವುದು. ಅಳಿಸಿದ ಗುರುತೂ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಸಾಕ್ಷ್ಯ ನಾಶದ ಅಪವಾದ ಬೇರೆ ಸೇರಿಕೊಳ್ಳುತ್ತದೆ. ಹಿಂದಿನ ತಾರೀಕಿನ ಬಿಲ್ ಮಾಡಿಸುವ ಯೋಚನೆಯಂತೂ ಬೇಡವೇ ಬೇಡ.

ಪತ್ರ ನಿಜವಾಗಿ ಅದೇ ಕಂಪನಿಯದೇ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಹೆದರಿಸಿ ದುಡ್ಡು ಕೀಳುವವರೂ ಇದ್ದಾರೆ. ನಿಜವಾದರೆ ವಕೀಲರನ್ನು ಕಂಡು, ಗಡುವಿನೊಳಗೆ ಲಿಖಿತ ಉತ್ತರ ಕೊಡಬೇಕು. ಲೆಕ್ಕ ತಪಾಸಣೆಗೆ ಒಪ್ಪುವ ಮಾತು ಲೈಸೆನ್ಸ್ ಕರಾರಿನಲ್ಲೇ ಇದ್ದರೆ ಅದನ್ನು ತಳ್ಳಿಹಾಕಲಾಗದು, ಆದರೆ ಯಾವ ಉತ್ಪನ್ನ, ಯಾವ ಅವಧಿ, ಯಾರು ನೋಡುತ್ತಾರೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಬಹುದು. ಗಿರಾಕಿಗಳ ಖಾಸಗಿ ಮಾಹಿತಿ ಕೊಡಬೇಕಾಗಿಲ್ಲ. ಕಂಪನಿಗಳು ನೇರವಾಗಿ ನ್ಯಾಯಾಲಯಕ್ಕೆ ಹೋಗುವುದೂ ಉಂಟು. ದೆಹಲಿ ಹೈಕೋರ್ಟ್ ಇಂಥ ಪ್ರಕರಣಗಳಲ್ಲಿ ಕಮಿಷನರನ್ನು ನೇಮಿಸಿ, ಮುನ್ಸೂಚನೆಯಿಲ್ಲದೆ ಕಚೇರಿಗೆ ಕಳುಹಿಸಿ ಕಂಪ್ಯೂಟರ್ ಪರಿಶೀಲಿಸಿದ ನಿದರ್ಶನಗಳಿವೆ. ಅಂಥ ದಿನ ಬಾಗಿಲಲ್ಲಿ ಜನ ನಿಂತ ಮೇಲೆ ಬಿಲ್ ಹುಡುಕಿದರೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಾಗುತ್ತದೆ.

ಕಾನೂನಿನ ಭಯ ಒತ್ತಟ್ಟಿಗಿರಲಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಬೀಗ ಹಾಕಿ ಹಣ ಕೇಳಿತು. ಆಂಧ್ರಪ್ರದೇಶ ಪೊಲೀಸರ ಕೆಲವು ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದ್ದವು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು. ನಕಲಿ ಸಿಕ್ಕಿಬೀಳುತ್ತದೆ ಎಂಬ ಹೆದರಿಕೆಯಿಂದ ಅಪ್‌ಡೇಟ್ ನಿಲ್ಲಿಸಿಟ್ಟುಕೊಂಡವರಿಗೆ ಇಂಥ ತೇಪೆ ತಲುಪುವುದೇ ಇಲ್ಲ. ಹತ್ತು ವರ್ಷದ ಲೆಕ್ಕ, ಗಿರಾಕಿಗಳ ಬಾಕಿ, ಎಲ್ಲ ಒಂದೇ ಬೆಳಗ್ಗೆ ಹೋದರೆ ಉಳಿಸಿದ ಕೆಲವು ಸಾವಿರ ಯಾವ ಲೆಕ್ಕಕ್ಕೆ?

ಕನ್ನಡದ ಅಕ್ಷರಕ್ಕೂ ಒಡೆಯರಿದ್ದಾರೆ

ಕನ್ನಡ ಸಂಘಗಳಿಗೆ ಹತ್ತಿರದ ಮಾತೊಂದಿದೆ. ಸ್ಮರಣ ಸಂಚಿಕೆ, ಆಮಂತ್ರಣ ಪತ್ರಿಕೆ, ರಾಜ್ಯೋತ್ಸವದ ಬ್ಯಾನರ್ ಇವುಗಳ ಅಕ್ಷರವಿನ್ಯಾಸವೂ ಸಾಫ್ಟ್‌ವೇರೇ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ ಇವೆಲ್ಲ ಹಣ ಕೊಟ್ಟು ಕೊಳ್ಳುವಂಥವು. ಕಂಪ್ಯೂಟರಿನ ಹಿಂದೆ ಡಾಂಗಲ್ ಸಿಕ್ಕಿಸಿದರೆ ಮಾತ್ರ ಕೆಲಸ ಮಾಡುತ್ತಿದ್ದ ದಿನಗಳನ್ನು ಹಳೆಯ ಡಿಟಿಪಿಯವರು ಮರೆತಿಲ್ಲ. ಕನ್ನಡದ ಸಣ್ಣ ಮಾರುಕಟ್ಟೆಯಲ್ಲಿ ಒಂದು ಫಾಂಟ್ ಬರೆಯುವವನಿಗೆ ಸಿಗುವುದೇ ಅಲ್ಪ. ಅದನ್ನೂ ನಕಲು ಮಾಡಿ, ವೇದಿಕೆಯಲ್ಲಿ ನಿಂತು ಕನ್ನಡ ಉಳಿಸಿ ಎಂದರೆ ಶೋಭಿಸದು.

ನಕಲು ಮಾಡುವ ಅಗತ್ಯವೂ ಈಗ ಉಳಿದಿಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ' ಉಚಿತವಾಗಿ ಸಿಗುತ್ತದೆ. ಯುನಿಕೋಡ್ ಬಂದ ಮೇಲೆ ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದ ಅಂದದ ಅಕ್ಷರಗಳು ಮುಕ್ತ ಲೈಸೆನ್ಸಿನಲ್ಲಿವೆ. ಅವನ್ನು ಸಂಚಿಕೆಗೂ ಬಳಸಬಹುದು, ಅಂಗಡಿಯ ಬೋರ್ಡಿಗೂ ಬಳಸಬಹುದು. ಬೇರೆಯವರಿಗೆ ಕೊಡಲೂ ಬಹುದು. ಫಾಂಟನ್ನು ಮಾತ್ರ ಪ್ರತ್ಯೇಕವಾಗಿ ಮಾರುವಂತಿಲ್ಲ. ಅದು ಅದರ ಷರತ್ತು.

ವ್ಯವಹಾರದ ಲೆಕ್ಕಪತ್ರಕ್ಕೆ ದೇಶವೇ ನಂಬಿರುವ ಟ್ಯಾಲಿ ಬೆಂಗಳೂರಿನ ಕಂಪನಿಯದು. 1986ರಲ್ಲಿ ತಂದೆ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಆರಂಭಿಸಿದ್ದು. ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ನಕಲಿ ಹಾಕಿಕೊಂಡಾಗ ನಷ್ಟವಾಗುವುದು ಯಾವುದೋ ಅಮೆರಿಕದ ಕಂಪನಿಗೆ ಮಾತ್ರ ಎಂಬ ಸಮಾಧಾನವೂ ಇಲ್ಲಿ ಸಲ್ಲದು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇನು? ಮುಂದಿನ ಭಾನುವಾರ ಅಂಗಡಿಯ ಬಾಗಿಲು ಹಾಕಿದ ಮೇಲೆ ಎರಡು ಗಂಟೆ ಬಿಡುವು ಮಾಡಿಕೊಂಡು, ಒಂದು ನೋಟ್‌ಬುಕ್ ಹಿಡಿದು ಮೊದಲ ಕಂಪ್ಯೂಟರಿನ ಮುಂದೆ ಕುಳಿತರೆ ಸಾಕು. ಸಂಘದ ಕಾರ್ಯದರ್ಶಿಗಳು ತಮ್ಮ ಕಚೇರಿಯ ಕಂಪ್ಯೂಟರಿನಿಂದಲೇ ಶುರುಮಾಡಿದರೆ ಸದಸ್ಯರಿಗೂ ಮೇಲ್ಪಂಕ್ತಿಯಾದೀತು. ಇನ್ನು ಮುಂದೆ ಹುಡುಗ 'ಒರಿಜಿನಲ್ಲಾ, ಮಾಮೂಲಿಯಾ' ಎಂದು ಕೇಳಿದಾಗ ಕೊಡಬೇಕಾದ ಉತ್ತರ ಒಂದೇ: 'ಬಿಲ್ ಇರೋದನ್ನ ಹಾಕಪ್ಪ. ಇಲ್ಲವಾದರೆ ನಿಜವಾಗಿ ಬಿಟ್ಟಿ ಸಿಗೋದನ್ನ ಹಾಕು.'